ಒಂದು ವಾರದ ಪೆರು ಟ್ರಿಪ್: ಎತ್ತರದ ತೊಂದರೆ ಬಗ್ಗೆ ಡಾಕ್ಟ್ರನ್ನ ಕೇಳಿ

ಅಡ್ಮಿನ್: ಪೆರು ಹೊರಟಿರೋರು ತುಂಬಾ ಜನ ಇದೀರ, ಇವತ್ತು ಸಂಜೆ ಡಾಕ್ಟ್ರು ಬಿಡುವು ಮಾಡ್ಕೊಂಡಿದಾರೆ. ಆರೋಗ್ಯದ ಪ್ರಶ್ನೆ ಮಾತ್ರ ಪ್ಲೀಸ್.

ಪ್ರಕಾಶ್: ನಮಸ್ಕಾರ ಸಾರ್. ಲಿಮಾದಿಂದ ಕುಸ್ಕೊಗೆ ಫ್ಲೈಟು. ಎತ್ತರದ ತೊಂದರೆ ಬರದಂಗೆ ತಗೊಳ್ಳೋ ಡೈಯಮಾಕ್ಸ್ ಮಾತ್ರೆ ಬೇಕೇ ಬೇಕಾ? ಎಷ್ಟು ತಗೊಳ್ಳೋದು?

ಡಾಕ್ಟ್ರು: ನಮಸ್ಕಾರ. ಲಿಮಾ ಸಮುದ್ರದ ದಡ, ಕುಸ್ಕೊ 3,400 ಮೀಟರ್, ಒಂದೂವರೆ ಗಂಟೇಲಿ ಅಷ್ಟು ಮೇಲೆ ಹೋಗಿ ಇಳೀತೀರ, ಹಾಗಾಗಿ ತಗೊಳ್ಳೋದೇ ವಾಸಿ. ದೊಡ್ಡವರಿಗೆ ಸಾಮಾನ್ಯವಾಗಿ 125 ಎಂಜಿ ಬೆಳಿಗ್ಗೆ ಒಂದು ಸಂಜೆ ಒಂದು, ಹಿಂದಿನ ದಿನದಿಂದ ಶುರು, ಹೋದ್ಮೇಲೆ ಇನ್ನೆರಡು ದಿನ. ಬೆರಳು ಜುಮ್ ಅನ್ನುತ್ತೆ, ಸೋಡಾ ಸಪ್ಪೆ ಅನ್ಸುತ್ತೆ, ಗಾಬರಿ ಬೇಡ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇರೋರು ನಿಮ್ಮ ಡಾಕ್ಟ್ರನ್ನ ಕೇಳದೆ ಮುಟ್ಟಬೇಡಿ.

ವಿದ್ಯಾ: ಯೆಲ್ಲೋ ಫೀವರ್ ಇಂಜೆಕ್ಷನ್ ಬೇಕಾ? ನಾವು ಕಾಡಿಗೆ ಹೋಗ್ತಿಲ್ಲ.

ಡಾಕ್ಟ್ರು: ಇಂಡಿಯಾಗೆ ವಾಪಸ್ ಬರ್ಬೇಕಾದ್ರೆ ಇಂಜೆಕ್ಷನ್ ಹಾಕಿಸಿದ ಕಾರ್ಡ್ ಕೇಳ್ತಾರೆ, ಇಲ್ದಿದ್ರೆ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಹೊರಡೋಕೆ ಕನಿಷ್ಠ 10 ದಿನ ಮುಂಚೆ ಹಾಕಿಸ್ಕೊಳ್ಳಿ. 60 ದಾಟಿದೋರು ಮೊದ್ಲು ಡಾಕ್ಟ್ರ ಹತ್ರ ಮಾತಾಡಿ.

ಸುಮಾ: ಸಾರ್, ನಮ್ಮನೆಯವರಿಗೆ 44. ಹೋದ್ವರ್ಷ ಲೇಹ್‌ನಲ್ಲಿ ಎರಡನೇ ದಿನಾನೇ ಇನ್ನೂ ಮೇಲೆ ಖರ್ದುಂಗ್ ಲಾ ಘಾಟಿಗೆ ಹೋಗಿದ್ವಿ, ರಾತ್ರಿ ಒಣ ಕೆಮ್ಮು, ಮಲಗಿದ್ರೆ ಉಸಿರೇ ಸಿಗ್ತಿರ್ಲಿಲ್ಲ. ಅಲ್ಲಿ ಆಸ್ಪತ್ರೇಲಿ ನಿಮೋನಿಯಾ ಅಂದ್ರು. ಈಗ ಕುಸ್ಕೊ, ಮಾರನೇ ದಿನ ರೇನ್‌ಬೋ ಮೌಂಟನ್ ಬುಕ್ ಮಾಡಿದೀವಿ. ತೊಂದ್ರೆ ಇಲ್ಲ ತಾನೆ?

ಡಾಕ್ಟ್ರು: ಜ್ವರ ಇತ್ತಾ? ದೆಹಲಿಗೆ ಇಳಿದ್ಮೇಲೆ ಎಷ್ಟು ದಿನಕ್ಕೆ ಸರಿಹೋಯ್ತು?

ಸುಮಾ: ಜ್ವರ ಇರ್ಲಿಲ್ಲ ಸಾರ್. ದೆಹಲಿಗೆ ಬಂದು ಎರಡೇ ದಿನಕ್ಕೆ ಆರಾಮಾಗಿದ್ರು.

ಡಾಕ್ಟ್ರು: ಸುಮಾ ಅವ್ರೇ, ನಿಮೋನಿಯಾ ಹಾಗೆ ಹೋಗಲ್ಲಮ್ಮ. ನೀವು ಹೇಳ್ತಿರೋದು ಹೇಪ್ ಥರ ಇದೆ, ಅಂದ್ರೆ ಗಾಳೀಲಿ ಆಕ್ಸಿಜನ್ ಕಮ್ಮಿ ಆದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿ, ಒತ್ತಡ ಏರಿ, ಒಳಗೆ ನೀರು ಸೋರೋದು. ಒಂದ್ಸಲ ಆದವರಿಗೆ ಮತ್ತೆ ಆಗೋ ಸಂಭವ ಜಾಸ್ತಿ. ರೇನ್‌ಬೋ ಮೌಂಟನ್ 5,000 ಮೀಟರ್ ಮೇಲಿದೆ, ಮಾರನೇ ದಿನಾನೇ ಅಲ್ಲಿಗೆ ಅಂದ್ರೆ ನಾನು ಬೇಡವೇ ಬೇಡ ಅಂತೀನಿ. ಹೊರಡೋ ಮುಂಚೆ ಎಕೋ, ಅಂದ್ರೆ ಹಾರ್ಟ್ ಸ್ಕ್ಯಾನ್, ಮಾಡಿಸಿ, ಹಾರ್ಟ್ ಡಾಕ್ಟ್ರಿಗೆ ಲೇಹ್ ಕಥೆ ಪೂರ್ತಿ ಹೇಳಿ, ಆ ಒತ್ತಡ ಇಳಿಸೋ ನಿಫೆಡಿಪಿನ್ ಮಾತ್ರೆ ಬೇಕಾ ಅಂತ ಕೇಳಿ. ಡೈಯಮಾಕ್ಸ್ ಒಂದನ್ನೇ ನಂಬ್ಕೊಂಡು ಹೋಗ್ಬೇಡಿ. ಪ್ಲಾನ್ ತಿರುಗಿಸಿ: ಕುಸ್ಕೊ ಏರ್‌ಪೋರ್ಟಿಂದ ನೇರ ಕೆಳಗೆ ಒಯಾಂಟಾಯ್‌ಟಾಂಬೊ, 2,800 ಮೀಟರ್, ಅಲ್ಲೇ ಎರಡು ರಾತ್ರಿ ಮಲಗಿ. ಇಂಕಾ ಕಾಲದ ಮೆಟ್ಟಿಲುಗಟ್ಟೆ, ಕೋಟೆ ಎಲ್ಲಾ ಅಲ್ಲೇ ಇದೆ, ದಿನ ವೇಸ್ಟ್ ಆಗಲ್ಲ. ಅಲ್ಲಿಂದಾನೇ ಟ್ರೈನು, ಮಾಚು ಪಿಚು ಇನ್ನೂ ಕೆಳಗೆ, 2,430. ಕುಸ್ಕೊ ಕೊನೇಗೆ ನೋಡಿ. ಸುಮ್ನೆ ಕೂತಿದ್ದಾಗ್ಲೂ ಏದುಸಿರು, ಕೆಮ್ಮು, ಕಫದಲ್ಲಿ ಕೆಂಪು ಕಂಡ್ರೆ ಬೆಳಿಗ್ಗೆವರೆಗೆ ಕಾಯ್ಬೇಡಿ, ಆಕ್ಸಿಜನ್ ಹಾಕಿಸಿ, ಕೆಳಗಿಳಿಸಿ.

ರಘು: ಸುಮ್ನೆ ಹೆದರಿಸ್ತೀರ. ನಾನು ಮನಾಲಿಯಿಂದ ಲೇಹ್‌ಗೆ ಬೈಕಲ್ಲಿ ಹೋಗಿದೀನಿ, ಒಂದು ಮಾತ್ರೆ ನುಂಗಿಲ್ಲ. ಜಿಮ್ ಮಾಡೋರಿಗೆ ಏನೂ ಆಗಲ್ಲ.

ಲತಾ: ಬೈಕಲ್ಲಿ ದಿನಗಟ್ಲೆ ಹತ್ತೋದಕ್ಕೂ ಫ್ಲೈಟಲ್ಲಿ ಹೋಗಿ ಇಳಿಯೋದಕ್ಕೂ ವ್ಯತ್ಯಾಸ ಇಲ್ವಾ?

ರಘು: ನೀವು ಹೋಗಿದೀರಾ ಮೇಡಂ? ಹೋಗಿ ಬಂದು ಮಾತಾಡಿ.

ಲತಾ: ಹೋಗಿದ್ದೆ, ವಾಂತಿನೂ ಮಾಡಿದ್ದೆ, ಫೋಟೋ ಹಾಕ್ಲಾ?

ಡಾಕ್ಟ್ರು: ಜಿಮ್ಮಿಗೂ ಇದಕ್ಕೂ ಸಂಬಂಧ ಇಲ್ಲ. ಗಟ್ಟಿಯಾಗಿರೋರು ಮೊದಲ ದಿನಾನೇ ಓಡಾಡಿ ಮಲಗಿಬಿಡ್ತಾರೆ.

ಗಿರೀಶ್: ಫಾರ್ವರ್ಡ್ ಬಂದಿದೆ: ಕರ್ಪೂರ, ಲವಂಗ, ಓಂಕಾಳು ಬಟ್ಟೇಲಿ ಕಟ್ಟಿ ಮೂಸ್ತಾ ಇದ್ರೆ ಆಕ್ಸಿಜನ್ ಏರುತ್ತಂತೆ 🙏

ಡಾಕ್ಟ್ರು: ಏರಲ್ಲ. ಕೋವಿಡ್‌ನಲ್ಲೂ ಇದೇ ಗಂಟು ಸುತ್ತಿತ್ತು. ಮಕ್ಕಳು ಕರ್ಪೂರ ಬಾಯಿಗೆ ಹಾಕ್ಕೊಂಡ್ರೆ ಫಿಟ್ಸ್ ಬರುತ್ತೆ, ಮನೇಲೂ ಕೈಗೆ ಸಿಗದಂಗೆ ಇಡಿ.

ಗಿರೀಶ್: ನಮ್ಮ ಹಿರಿಯರೇನು ದಡ್ಡರಾ ಸಾರ್?

ಡಾಕ್ಟ್ರು: ಹಿರಿಯರು ಕುಸ್ಕೊಗೆ ಹೋಗ್ತಿರ್ಲಿಲ್ಲ ಗಿರೀಶ್.

ನಾಗರಾಜ: ಹಂಪಿ ಬಿಟ್ಟು ಅಷ್ಟು ದೂರ ಕಲ್ಲು ನೋಡೋಕೆ ಯಾಕೆ ಹೋಗ್ಬೇಕೋ.

ವಿದ್ಯಾ: ಹಂಪಿ ನೋಡಿದೀವಿ ಸ್ವಾಮಿ, ಇದನ್ನೂ ನೋಡ್ತೀವಿ.

ಮಂಜು: ಕೋಕಾ ಟೀ, ಅದೇ ಕೊಕೇನ್ ಗಿಡದ ಎಲೆ ಟೀ, ಕುಡಿದ್ರೆ ಸಾಕಂತಲ್ಲ? ಮಾಚು ಪಿಚು ಟಿಕೆಟಲ್ಲಿ ಯಾವ ಸರ್ಕಿಟ್, ಅಂದ್ರೆ ಒಳಗೆ ಸುತ್ತೋ ದಾರಿ, ತಗೊಳ್ಳೋದು?

ಡಾಕ್ಟ್ರು: ಅಲ್ಲಿ ಕುಡೀಬಹುದು, ಮಾತ್ರೆಗೆ ಬದಲಿ ಅಲ್ಲ. ಆಫೀಸಲ್ಲಿ ಡ್ರಗ್ ಟೆಸ್ಟ್ ಇರೋರು ಕುಡೀಬೇಡಿ, ಪಾಸಿಟಿವ್ ಬರುತ್ತೆ. ಎಲೆ ಬ್ಯಾಗಲ್ಲಿ ತರಬೇಡಿ.

ಹೇಮಾ: ಡೈಯಮಾಕ್ಸ್ ಎಷ್ಟು ಎಂಜಿ ಸಾರ್?

ಡಾಕ್ಟ್ರು: ಮೇಲೆ ಓದಿ.

ಶಿವು: ಆಕ್ಸಿಮೀಟರ್‌ನಲ್ಲಿ 88 ಬಂದ್ರೆ ಅಡ್ಮಿಟ್ ಆಗ್ಬೇಕಾ?

ಡಾಕ್ಟ್ರು: ಕುಸ್ಕೊದಲ್ಲಿ ಹೊಸಬರಿಗೆ 85-90 ಮಾಮೂಲಿ. ನಂಬರ್ ಬಿಡಿ, ಮನುಷ್ಯನ್ನ ನೋಡಿ. ಒಂದು ಗೆರೆ ಮೇಲೆ ಹಿಮ್ಮಡಿಗೆ ಕಾಲ್ಬೆರಳು ತಾಗಿಸ್ಕೊಂಡು ನಡೀರಿ ಅನ್ನಿ, ತೂರಾಡಿದ್ರೆ, ಮಾತು ತೊದಲಿದ್ರೆ ತಕ್ಷಣ ಕೆಳಗಿಳಿಸಿ.

ರಘು: ಇಷ್ಟೆಲ್ಲಾ ಆದ್ರೆ ಮನೇಲೇ ಕೂತ್ಕೊಳ್ಳಿ ಹಾಗಾದ್ರೆ.

ಲತಾ: ನಿಮಗ್ಯಾರು ಕೇಳಿದ್ರು?

ಅಡ್ಮಿನ್: ಇಬ್ರೂ ಸಾಕು ಮಾಡಿ, ಇಲ್ದಿದ್ರೆ ಮ್ಯೂಟ್ ಮಾಡ್ತೀನಿ.

ಸುಮಾ: ಸಾರ್, ರೇನ್‌ಬೋ ಕ್ಯಾನ್ಸಲ್ ಮಾಡ್ಸಿದೆ, ಸೋಮವಾರ ಎಕೋಗೆ ಬರೆಸಿದೀನಿ. ಇವ್ರು ಮುಖ ಗಂಟು ಹಾಕ್ಕೊಂಡು ಕೂತಿದಾರೆ.

ಡಾಕ್ಟ್ರು: ಕೂರ್ಲಿ ಬಿಡಿ. ರಿಪೋರ್ಟ್ ಬಂದ್ಮೇಲೆ ನಂಗೆ ಪರ್ಸನಲ್ ಆಗಿ ಮೆಸೇಜ್ ಮಾಡಿ. ನಾನು ರೌಂಡ್ಸ್‌ಗೆ ಹೊರಟೆ.

ಮಂಜು: ಸರ್ಕಿಟ್ ಬಗ್ಗೆ ಯಾರೂ ಹೇಳ್ಲಿಲ್ಲ?

ರಾಜೇಶ್: ಲೇಟಾಗಿ ಸೇರ್ದೆ, ಡೈಯಮಾಕ್ಸ್ ಊಟಕ್ಕೆ ಮುಂಚೇನಾ ಆಮೇಲಾ? ಎಷ್ಟು ಎಂಜಿ?