ಸಹಾಯ ಬೇಕು: ಸಾಗರದಲ್ಲಿ ಒಂದು ದಿನದ ಬರಹ-ಫೋಟೊ ಕಮ್ಮಟ

ನಮಸ್ಕಾರ. ಬ್ಲಾಗಿಂಗ್ ಸಮಾವೇಶಕ್ಕೆ ಹೋಗಿದ್ದ ನಮ್ಮ ಕಡೆಯ ಆರು ಜನ ಹುರುಪಿನಿಂದ ಮರಳಿದ್ದಾರೆ. ಹದಿನೈದು ದಿನದೊಳಗೆ ಒಬ್ಬೊಬ್ಬರೂ ಒಂದು ಬರಹ ಮುಗಿಸದಿದ್ದರೆ ಕಲಿತದ್ದು ಕೈಗೆ ಹತ್ತುವುದಿಲ್ಲ. ಅದಕ್ಕೇ ಈ ಕಮ್ಮಟ. ವಿಷಯ, ಮಲೆನಾಡಿನ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ, ಅಂದರೆ ಕೆಮ್ಮಣ್ಣಿನ ಗೋಡೆಯ ಮೇಲೆ ಬರೆಯುವ ಸಾಂಪ್ರದಾಯಿಕ ಚಿತ್ರ.

ಮೊದಲು ಬೇಕಾದ್ದು ಹಸೆ ಬರೆಯುವ ಒಬ್ಬ ಅಕ್ಕ. ಪುಂಡಿನಾರಿನ ಕುಂಚ ಕಟ್ಟುವುದು, ಅಕ್ಕಿಹಿಟ್ಟಿನ ಬಿಳಿ, ಗುರಿಗೆ ಬೀಜದ ಹಳದಿ ತಯಾರಿಸುವುದನ್ನು ಎರಡು ಗಂಟೆ ತೋರಿಸಿದರೆ ಸಾಕು. ಗೌರವಧನ ಖಂಡಿತ ಕೊಡುತ್ತೇವೆ.

ಫೋಟೊ ಬಲ್ಲವರೊಬ್ಬರೂ ಬೇಕು. ಕೆಮ್ಮಣ್ಣಿನ ಗೋಡೆ ತುಂಬಿದ ಚಿತ್ರದಲ್ಲಿ ಮೊಬೈಲ್ ಬಣ್ಣ ತಪ್ಪಾಗಿ ಅಂದಾಜಿಸಿ ಕೆಂಪನ್ನು ಮಂಕಾಗಿಸುತ್ತದೆ, ಬಿಳಿ ಗೆರೆಗಳು ಬೆಳಕಿಗೆ ಹರಡಿಹೋಗುತ್ತವೆ. ಫ್ಲ್ಯಾಶ್ ಆರಿಸಿ, ಗೋಡೆಗೆ ಬಿಳಿ ಕಾಗದ ಹಿಡಿದು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಸರಿಪಡಿಸುವುದು) ಹೊಂದಿಸಿ, ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕು) ಸ್ವಲ್ಪ ಇಳಿಸುವುದನ್ನು ಕೈಹಿಡಿದು ಕಲಿಸಬೇಕು.

ಇನ್ನೊಂದು, ಹಳೆಯ ನುಡಿ ಫಾಂಟಿನ ಬರಹಗಳನ್ನು ಯೂನಿಕೋಡಿಗೆ (ಎಲ್ಲ ಫೋನು, ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತ) ಬದಲಾಯಿಸಬಲ್ಲವರು. ಹಾಗೇ ಅಂಟಿಸಿದರೆ ಮೊಬೈಲಿನಲ್ಲಿ ಬರೀ ಗೋಜಲು ಅಕ್ಷರ. ಬದಲಾಯಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತು ಕಣ್ಣಿಟ್ಟು ತಿದ್ದಬೇಕಾಗುತ್ತದೆ.

ಇಪ್ಪತ್ತು ಜನ ಕೂರುವ ಜಾಗ, ಮಳೆಗೆ ಕರೆಂಟು ಹೋದರೂ ನಡೆಯುವಂತೆ ಯುಪಿಎಸ್ ಇದ್ದಲ್ಲಿ ತಿಳಿಸಿ. ಊಟದ ವ್ಯವಸ್ಥೆ ನಮ್ಮದೇ.