ದುರ್ಗದ ಮುತ್ತಿಗೆ ಆಟ: ಗೆಲುವು ಇಡಬೇಕಾ, ಬೇಡವಾ?

ದುರ್ಗದಹುಡುಗ: ಮನೆಯಲ್ಲೇ ರಟ್ಟು ಕತ್ತರಿಸಿ ಒಂದು ಬೋರ್ಡ್ ಗೇಮ್ ಮಾಡುತ್ತಿದ್ದೇನೆ. ಚಿತ್ರದುರ್ಗದ ಮುತ್ತಿಗೆ. ನಾಲ್ಕೂ ಜನ ಕೋಟೆ ಒಳಗೆ, ಒಂದೇ ಕಡೆ. ಹೈದರಾಲಿ ಸೈನ್ಯವನ್ನು ಯಾರೂ ಆಡಿಸುವುದಿಲ್ಲ, ಕಲೆಸಿಟ್ಟ ಕಾರ್ಡುಗಳೇ ನಡೆಸುತ್ತವೆ. ತಲೆನೋವು ಏನಂದರೆ, 1779ರಲ್ಲಿ ಕೋಟೆ ಬಿತ್ತು, ಮದಕರಿ ನಾಯಕ ಸೆರೆಯಾದ. ಆಡುವವರಿಗೆ ಗೆಲುವು ಇಡಲೋ ಬೇಡವೋ?

ಚೌಕಾಬಾರ: ಇಡಲೇಬೇಕು ಮಾರಾಯ. ಎರಡು ಗಂಟೆ ಕೂತು ಆಡಿದ ಮೇಲೆ "ಚರಿತ್ರೆಯಲ್ಲೂ ಸೋತಿದ್ದರು" ಅಂದರೆ ಇನ್ನೊಂದು ಸಲ ಯಾರು ಕೂರುತ್ತಾರೆ?

ಹಳೇಪಗಡೆ: ಹೈದರ್ ಒಂದೇ ಏಟಿಗೆ ಗೆದ್ದವನಲ್ಲ, ಮುಂಚೆ ಮುತ್ತಿಗೆ ಹಾಕಿದಾಗ ಕೋಟೆ ಸಿಗಲಿಲ್ಲ. ಅವನನ್ನು ಈ ಸಲ ವಾಪಸ್ ಕಳಿಸಿದರೆ ಅದೇ ಗೆಲುವು. ಸುಳ್ಳೂ ಆಗಲ್ಲ.

ದುರ್ಗದಹುಡುಗ: ಹೌದಲ್ವಾ! ಇನ್ನೊಂದು, ಏಳನೇ ಸರದಿಗೆ ಕುಡಿಯುವ ನೀರು ಖಾಲಿ ಅಂತ ಒಂದು ಕಾರ್ಡ್ ಇಟ್ಟಿದ್ದೇನೆ.

ಕಲ್ಲಿನಕೋಟೆ: ಅದನ್ನು ಮೊದಲು ಹರಿದು ಬಿಸಾಕಿ. ನೀವು ದುರ್ಗದವರೇನಾ? ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಂತೆ ಹೊಂಡದ ತನಕ. ಮಳೆ ನೀರನ್ನು ಹಾಗೆ ಕೂಡಿಟ್ಟ ಊರು ಅದು. ಕಣಜ ಇತ್ತು, ಎಣ್ಣೆ ಕೊಳ ಇತ್ತು, ಸಿಡಿಮದ್ದು ಅರೆಯುವ ದೊಡ್ಡ ಕಲ್ಲುಗಳು ಈಗಲೂ ಇವೆ. ಕೊರತೆ ಬೇಕಿದ್ದರೆ ಆಳಿನದು ಇಡಿ. ಕೋಟೆಯ ಏಳು ಸುತ್ತು ಗೋಡೆ ಕಾಯಲು ಜನ ಸಾಲದಂತೆ ಮಾಡಿ.

ಚೌಕಾಬಾರ: ಒಬ್ಬ ಗದ್ದಲದವ ಉಳಿದ ಮೂರೂ ಜನರ ಆಟ ಆಡಿಬಿಡುತ್ತಾನಲ್ಲ, ಅದಕ್ಕೇನು ಮಾಡುತ್ತೀರಿ? ಪ್ಯಾಂಡೆಮಿಕ್ ಅಂತ ಎಲ್ಲರೂ ಒಂದೇ ಕಡೆ ಆಡುವ ಬೋರ್ಡ್ ಗೇಮ್ ಇದೆಯಲ್ಲ, ಅದನ್ನು ಆಡುವಾಗ ನಮ್ಮ ಭಾವನದು ಅದೇ ಕಾಟ. ನಾನು ಸುಮ್ನೆ ಕಾಯಿ ಎತ್ತಿಡುವ ಕೂಲಿ.

ಹಳೇಪಗಡೆ: ಕೋಟೆಯ ಒಂದೇ ಸುತ್ತಿನಲ್ಲಿ ಇರುವವರು ಮಾತ್ರ ಮಾತಾಡಬಹುದು ಅಂತ ಮಾಡಿ. ಬೇರೆ ಸುತ್ತಿನವನಿಗೆ ಕಹಳೆ, ಅದೂ ಸರದಿಗೆ ಒಂದೇ ಸಲ. ಭಾವ ಬಾಯಿ ಮುಚ್ಚುತ್ತಾರೆ.

ಗುಳಿಮಣೆ: ನಮ್ಮಲ್ಲೇ ಒಬ್ಬ ಗುಟ್ಟಾಗಿ ಶತ್ರು ಕಡೆ ಇರಲಿ. ಒಳಗಿನವರು ಕೈಕೊಟ್ಟರು ಅಂತ ತಾನೇ ಹೇಳುವುದು?

ಕಲ್ಲಿನಕೋಟೆ: ಬೇಡ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರೆ ಗೋಡೆ ಕಾಯುವವರು ಯಾರು? ಅದು ಬೇರೆ ಆಟ.

ಗುಳಿಮಣೆ: ಸರಿ ಬಿಡಿ. ಒನಕೆ ಕಾರ್ಡ್ ಇದೆ ತಾನೇ?

ದುರ್ಗದಹುಡುಗ: ಇದೆ. ಯಾವಾಗ ಬೇಕಾದರೂ ಇಳಿಸಬಹುದು, ಐದು ಸೈನಿಕರು ಔಟ್.

ಕಲ್ಲಿನಕೋಟೆ: ಅಯ್ಯೋ, ಅದೇನು ಬಾಂಬಾ? ಕಥೆ ನೆನಪು ಮಾಡಿಕೊಳ್ಳಿ. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದ, ಓಬವ್ವ ನೀರಿಗೆ ಹೋದಳು, ಕಿಂಡಿಯಲ್ಲಿ ಸದ್ದು ಕೇಳಿತು. ಆ ಕಿಂಡಿಯಲ್ಲಿ ಒಬ್ಬನೇ ನುಸುಳಬೇಕು, ತಲೆ ಮೊದಲು ಬರುತ್ತದೆ. ಕಾವಲಿನ ಕಾಯಿ ಊಟಕ್ಕೆ ಹೋದಾಗ ಮಾತ್ರ ಒನಕೆ ನಡೆಯಲಿ. ಒಂದು ದಾಳಕ್ಕೆ ಒಂದೇ ತಲೆ. ಹೆಣ ಎಳೆದು ಪಕ್ಕಕ್ಕೆ ಹಾಕಲು ಒಂದು ನಡೆ ಖರ್ಚು.

ಚೌಕಾಬಾರ: ಹಾಗಾದರೆ ಬೇಕಂತಲೇ ಕಾವಲು ಬಿಟ್ಟು ಊಟಕ್ಕೆ ಹೋಗುತ್ತಾರೆ 😄

ದುರ್ಗದಹುಡುಗ: ನಿನ್ನೆ ರಾತ್ರಿ ಹಾಗೇ ಆಯಿತು. ತಂಗಿ ಬೇಕಂತಲೇ ಊಟಕ್ಕೆ ಹೋದಳು, ದಾಳ ಮೂರು ಸಲ ಕೈಕೊಟ್ಟಿತು, ಕಿಂಡಿಯಿಂದಲೇ ಕೋಟೆ ಹೋಯಿತು. ಇನ್ನೊಂದಾಟ ಹಾಕು ಅಂತ ಅವಳೇ ಕೂತಳು.