‘ಉರಿಯೂತ’ ಎಂಬ ಪದ ಕಿಡ್ನಿ ರೋಗಿಗೆ ಹೊಂದುತ್ತದೆಯೇ?

ಗೆಳೆಯರೆ,

ಪುಣೆಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವ ನಮ್ಮ ಮಾವಶಿಗೆ (ತಾಯಿಯ ಸೋದರಿ, ತವರು ವಿಜಯಪುರ ಜಿಲ್ಲೆಯ ಇಂಡಿ ಕಡೆ) ಒಂದು ಮರಾಠಿ ಕರಪತ್ರ ಓದಿ ಹೇಳುತ್ತಿದ್ದೆ. ‘ದಾಹ’ ಕಡಿಮೆ ಮಾಡಿಕೊಳ್ಳುವುದು ಹೇಗೆ ಎಂಬ ಭಾಗ ಬಂತು. “ದಾಹ ಅಂದ್ರ ನೀರಡಿಕಿ ಅಲ್ಲೇನೋ? ನಾ ಅಳದ ಕುಡೀತೀನಲ್ಲ!” ಎಂದಳು.

ಮರಾಠಿಯ ದಾಹ ಇಲ್ಲಿ ಇನ್‌ಫ್ಲಮೇಶನ್, ಅಂದರೆ ಪೆಟ್ಟು, ಸೋಂಕುಗಳಂಥದ್ದಕ್ಕೆ ಮೈ ತೋರುವ ಪ್ರತಿಕ್ರಿಯೆ. ಮೂಲದ ಸುಡುವ ಅರ್ಥ ಅವರಲ್ಲಿ ಉಳಿಯಿತು, ನಮ್ಮಲ್ಲಿ ಗಂಟಲಿಗಿಳಿಯಿತು. ಸರಿ, ನಮ್ಮ ಪತ್ರಿಕೆಗಳ ‘ಉರಿಯೂತ’ ಇದೆಯಲ್ಲ ಎಂದು ಅದನ್ನೇ ಹೇಳಿದೆ. ಉರಿ ಎಂದೊಡನೆ ಅವಳಿಗೆ ಉರಿಮೂತ್ರ ನೆನಪಾಯಿತು. ಊತ ಎಂದೊಡನೆ ತನ್ನ ಕಾಲು ತೋರಿಸಿದಳು. ಕಾಲಿನದು ನೀರು ತುಂಬಿದ ಬಾವು, ಬೆರಳೊತ್ತಿದರೆ ಕುಳಿ ಬೀಳುತ್ತದೆ. ಅದು ಬೇರೆ, ಇದು ಬೇರೆ. ನೀರಡಿಕೆ, ಉರಿ, ಊತ ಮೂರೂ ಈ ಕಾಯಿಲೆಯವರ ಬಾಯಲ್ಲಿ ಮೊದಲೇ ಬೇರೆ ಕೆಲಸಕ್ಕೆ ನಿಂತುಬಿಟ್ಟಿವೆ.

ಇದು ಬರೀ ಪದದ ಚಪಲವಲ್ಲ. ‘ಊತ’ ಎಂದು ತಿಳಿದವರು ಮೆಡಿಕಲ್ ಅಂಗಡಿಯಿಂದ ಊತದ, ನೋವಿನ ಗುಳಿಗೆ ತಂದು ನುಂಗುತ್ತಾರೆ. ಡೈಕ್ಲೋಫೆನಾಕ್‌ನಂಥವು ಅಳಿದುಳಿದ ಕಿಡ್ನಿಗೂ ಕುತ್ತು.

ಕೆಂಪು, ಬಾವು, ಬಿಸಿ, ನೋವು ಎಂಬ ಇದರ ನಾಲ್ಕು ಲಕ್ಷಣಗಳನ್ನು ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಒಂದನೇ ಶತಮಾನದಲ್ಲೇ ಬರೆದಿಟ್ಟ. ‘ಉರಿಯೂತ’ ಅವುಗಳಿಗೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಡಯಾಲಿಸಿಸ್‌ನವರಲ್ಲಿ ವರ್ಷಗಟ್ಟಲೆ ಒಳಗೇ ನಡೆಯುವ ಇಂಥ ಪ್ರತಿಕ್ರಿಯೆಯಲ್ಲಿ ಈ ನಾಲ್ಕೂ ಕಾಣದಿರಬಹುದು. ರಕ್ತದಲ್ಲಿ ಸಿಆರ್‌ಪಿ (ಇದರ ಸುಳಿವು ಕೊಡುವ ಪ್ರೋಟೀನ್) ಏರಿರುತ್ತದೆ, ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದಿರುತ್ತದೆ. ಕಬ್ಬಿಣಾಂಶವನ್ನು ಹತೋಟಿಯಲ್ಲಿಡುವ ಹೆಪ್ಸಿಡಿನ್ ಎಂಬ ಹಾರ್ಮೋನು ಹೆಚ್ಚಿ, ಮೈಯಲ್ಲಿರುವ ಕಬ್ಬಿಣಾಂಶಕ್ಕೇ ಬೀಗ ಬೀಳುತ್ತದೆ. ರಕ್ತ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟರೂ ಹಿಮೋಗ್ಲೋಬಿನ್ ಮೇಲೇಳದು. ಇದಕ್ಕೆಂದೇ ಒಂದು ಗುಳಿಗೆಯಿಲ್ಲ, ಮೂಲ ಹುಡುಕಬೇಕು: ಕುತ್ತಿಗೆಯ ಕ್ಯಾಥೆಟರ್ (ಡಯಾಲಿಸಿಸ್ ನಳಿಕೆ) ಬಹುಕಾಲ ಉಳಿದಿದೆಯೇ, ಅದರ ಬದಲು ಕೈಗೆ ಫಿಸ್ಟುಲಾ (ಎರಡು ರಕ್ತನಾಳಗಳ ಜೋಡಣೆ) ಮಾಡಬಹುದೇ, ವಸಡು ಕೆಟ್ಟಿದೆಯೇ. (ಹಲ್ಲಿನ ವೈದ್ಯರ ಹತ್ತಿರ ಕಳಿಸಿದಾಗ ಮಾವಶಿ ನಕ್ಕಿದ್ದಳು.)

‘ದೀರ್ಘಕಾಲಿಕ ಉರಿಯೂತ’ ಪಠ್ಯಪುಸ್ತಕಕ್ಕೆ ಸಾಕು, ಹಾಸಿಗೆಯ ಪಕ್ಕಕ್ಕೆ ಸಾಲದು. ಹಳೆಯದು ಎಂಬ ಅರ್ಥದ ‘ಜೀರ್ಣ’ ಸೇರಿಸೋಣವೆಂದರೆ ಹೊಟ್ಟೆಗೆ ಹೋಗುತ್ತದೆ! ‘ಬೂದಿ ಮುಚ್ಚಿದ ಕೆಂಡದಂಗ’ ಎಂದಾಗ ಮಾವಶಿಗೆ ತಟ್ಟನೆ ತಿಳಿಯಿತು. ಆದರೆ ಅದು ವಿವರಣೆ, ಪದವಲ್ಲ. ನನಗೆ ತೋಚಿದ್ದು ‘ಒಳಗಾವು’ (ಒಳ + ಕಾವು). ಕಾವು ಎಂದರೆ ಸಣ್ಣ ಜ್ವರವೆಂದು ಕೇಳುತ್ತದೇನೋ ಎಂಬ ಅಳುಕಿದೆ. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆ, ಮೇಲೆ ಕಾಣದೆ ಒಳಗೇ ಬೇಯುವ ಬ್ಯಾನಿಗೆ (ಬೇನೆಗೆ) ಹಿರಿಯರು ಏನನ್ನುತ್ತಾರೆ?